ಡ್ಯಾಶ್‌ಬೋರ್ಡ್ ಒಳಗೆ ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ?

ನಾಲ್ಕುಚಕ್ರ

ಎಲ್ಲರಿಗೂ ನಮಸ್ಕಾರ. ನನ್ನ ಕಾರಿನಲ್ಲಿ ಆಟೋ ಕ್ಲೈಮೇಟ್ ಇದೆ, ಅಂದರೆ ಉಷ್ಣತೆ ಇಟ್ಟರೆ ತಾನೇ ನೋಡಿಕೊಳ್ಳುವ ಏಸಿ. 24ಕ್ಕೆ ಇಟ್ಟು, ಮುಖ ಮತ್ತು ಕಾಲು ಎರಡೂ ಇರುವ ಗುರುತನ್ನು ಒತ್ತಿದರೆ ಮುಖಕ್ಕೆ ತಣ್ಣಗೆ ಬರುತ್ತದೆ, ಕಾಲಿಗೆ ಬೆಚ್ಚಗೆ ಬರುತ್ತದೆ. ಇರುವುದು ಒಂದೇ ಬ್ಲೋವರ್ (ಗಾಳಿ ತಳ್ಳುವ ಫ್ಯಾನ್), ಒಂದೇ ಏಸಿ. ಎರಡು ಕಡೆ ಎರಡು ಥರ ಹೇಗೆ?

ಇನ್ನೂ ಎರಡು ಪ್ರಶ್ನೆ. ಮುಂದಿನ ಗಾಜಿಗೆ ಗಾಳಿ ಬಿಟ್ಟ ಕೂಡಲೇ ಏಸಿ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಚಳಿ ಇರುವಾಗ ಏಸಿ ಯಾಕೆ ಬೇಕು? ಜೊತೆಗೆ ಈಚೆಗೆ ಪಕ್ಕದ ಸೀಟಿನ ಕಡೆ ಡ್ಯಾಶ್‌ಬೋರ್ಡ್ ಒಳಗಿಂದ ಟಿಕ್ ಟಿಕ್ ಎಂದು ಸದ್ದು ಬರುತ್ತಿದೆ. ಸರ್ವಿಸ್‌ನವರು ಮೂರಕ್ಕೂ ಸೇರಿಸಿ "ಗ್ಯಾಸ್ ತುಂಬಿಸಿ ನೋಡೋಣ" ಎಂದರು. ನನಗೆ ಸಮಾಧಾನ ಆಗಲಿಲ್ಲ. ಗೊತ್ತಿರುವವರು ಬಿಡಿಸಿ ಹೇಳಿ.

ಸ್ಪ್ಯಾನರ್

ನಾಲ್ಕುಚಕ್ರ ಅವರೇ, ಮುಖಕ್ಕೆ ತಂಪು, ಕಾಲಿಗೆ ಬೆಚ್ಚಗೆ ಬರುವುದು ತೊಂದರೆ ಅಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಟಿಕ್ ಟಿಕ್ ಮಾತ್ರ ತೊಂದರೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಗಾಳಿಯ ಬೆನ್ನು ಹಿಡಿದು ಹೋಗೋಣ.

ಡ್ಯಾಶ್‌ಬೋರ್ಡ್ ಹಿಂದೆ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬ ಇದೆ. ಗಾಳಿ ಒಳಗೆ ಬರಲು ಅದಕ್ಕೆ ಎರಡು ಬಾಯಿ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂತಿರುವ ಕಡೆ, ಕಪ್ಪು ಜಾಲರಿ ಕಾಣುತ್ತದಲ್ಲ, ಹೊರಗಿನ ಗಾಳಿ ಅಲ್ಲಿಂದ ಬರುತ್ತದೆ. ಒಳಗಿನ ಗಾಳಿಯ ಬಾಯಿ ಸಾಮಾನ್ಯವಾಗಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಎರಡಕ್ಕೂ ನಡುವೆ ಒಂದು ಫ್ಲಾಪ್. ಕಾರಿನ ಚಿತ್ರದೊಳಗೆ ಬಾಣ ಸುತ್ತುವ ಬಟನ್ ಒತ್ತಿದಾಗ ತಿರುಗುವುದು ಅದೇ. ಎಷ್ಟೋ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಕೆಳಗಿಳಿಸಿದರೆ ಇದನ್ನು ಕಣ್ಣಾರೆ ನೋಡಬಹುದು. ಬ್ಲೋವರ್ ಕಡಿಮೆ ಇಟ್ಟು ಬಟನ್ ಒತ್ತಿ. ಅಂಚಿಗೆ ಫೋಮ್ ಅಂಟಿಸಿದ ಒಂದು ಹಲಗೆ ಮೆಲ್ಲಗೆ ತಿರುಗಿ ಒಂದು ಬಾಯಿ ಮುಚ್ಚುತ್ತದೆ, ಇನ್ನೊಂದು ತೆರೆಯುತ್ತದೆ. ಸದ್ದು ಕೂಡ ಬದಲಾಗುತ್ತದೆ. ಒಳಗಿನ ಬಾಯಿ ತೆರೆದಾಗ ಬ್ಲೋವರ್ ಮೊರೆತ ಜೋರಾಗಿ ಕೇಳುತ್ತದೆ.

ಅಲ್ಲಿಂದ ಏಸಿ ಫಿಲ್ಟರ್, ಬ್ಲೋವರ್. ಆಮೇಲೆ ಕೂಲಿಂಗ್ ಕಾಯಿಲ್. ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಒಳಗೆ ಬಂದ ಗಾಳಿ ಪೂರ್ತಿ ಈ ಕಾಯಿಲ್ ಮೂಲಕವೇ ಹೋಗಬೇಕು. ಅದಕ್ಕೆ ಬೇರೆ ದಾರಿ ಇಲ್ಲ. ಏಸಿ ಆಫ್ ಇದ್ದರೂ ಅದರೊಳಗಿಂದಲೇ ಹೋಗುತ್ತದೆ, ತಂಪಾಗುವುದಿಲ್ಲ ಅಷ್ಟೆ.

ಕಾಯಿಲ್ ದಾಟಿದ ಮೇಲೆ ದಾರಿ ಎರಡಾಗುತ್ತದೆ. ಒಂದು ನೇರ ಮುಂದಕ್ಕೆ. ಇನ್ನೊಂದು ಹೀಟರ್ ಕೋರ್ ಮೂಲಕ. ಹೀಟರ್ ಕೋರ್ ಎಂದರೆ ಸಣ್ಣ ರೇಡಿಯೇಟರ್, ಅದರೊಳಗೆ ಎಂಜಿನ್ನಿನ ಬಿಸಿ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಓಡಾಡುತ್ತದೆ. ಎಂಜಿನ್ ಕಾದ ಮೇಲೆ ಅದು ಸುಮಾರು 90 ಡಿಗ್ರಿ. ಈ ಎರಡು ದಾರಿಯ ಕವಲಿನಲ್ಲಿ ಟೆಂಪರೇಚರ್ ಫ್ಲಾಪ್ ಕೂತಿದೆ. ನೀವು ನಾಬ್ ತಿರುಗಿಸಿದಾಗ ಮುಖ್ಯವಾಗಿ ಅಲುಗುವುದು ಇದು. ಸ್ನಾನಕ್ಕೆ ಬಿಸಿನೀರಿಗೆ ತಣ್ಣೀರು ಬೆರೆಸಿ ಹದ ಮಾಡಿಕೊಳ್ಳುವ ಹಾಗೆ, ತಣ್ಣನೆ ಗಾಳಿಗೆ ಬಿಸಿ ಗಾಳಿ ಬೆರೆಸಿ 24 ಮಾಡುತ್ತಾರೆ. ನಾಬ್ ಪೂರ್ತಿ ನೀಲಿ ಕಡೆ ಇದ್ದರೆ ಹೀಟರ್ ದಾರಿ ಬಂದ್. ಪೂರ್ತಿ ಕೆಂಪು ಕಡೆ ಇದ್ದರೆ ಎಲ್ಲ ಗಾಳಿಯೂ ಹೀಟರ್ ಕೋರ್ ಒಳಗಿಂದಲೇ.

ಈಗ ನಿಮ್ಮ ಮೊದಲ ಪ್ರಶ್ನೆ. ಬೆರೆಸುವ ಜಾಗದಲ್ಲಿ ಬಿಸಿ ಗಾಳಿ ಮತ್ತು ತಣ್ಣನೆ ಗಾಳಿ ಪೂರ್ತಿ ಒಂದಾಗಲು ಬಿಡುವುದಿಲ್ಲ. ತಣ್ಣನೆ ಹರಿವು ಮುಖದ ವೆಂಟ್ ಕಡೆಗೂ ಬಿಸಿ ಹರಿವು ಕಾಲಿನ ವೆಂಟ್ ಕಡೆಗೂ ಜಾಸ್ತಿ ವಾಲುವಂತೆ ಡಬ್ಬದ ಒಳಗೋಡೆಗಳನ್ನು ಮಾಡಿರುತ್ತಾರೆ. ತಲೆ ತಂಪಾಗಿ ಕಾಲು ಬೆಚ್ಚಗಿದ್ದರೆ ಕೂತವರಿಗೆ ಹಿತ. ಮುಖಕ್ಕೆ ಬಿಸಿ ಗಾಳಿ ಬಡಿದರೆ ಕಣ್ಣು ಒಣಗುತ್ತದೆ, ತೂಕಡಿಕೆ ಬರುತ್ತದೆ. ಪರೀಕ್ಷೆ ಮಾಡಿ ನೋಡಿ. ನಾಬ್ ಪೂರ್ತಿ ತಣ್ಣಗಿಟ್ಟರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ತಂಪು. ಪೂರ್ತಿ ಬಿಸಿಗಿಟ್ಟರೆ ಎರಡೂ ಕಡೆ ಬಿಸಿ. ನಡುವೆ ಇಟ್ಟಾಗ ಮಾತ್ರ ವ್ಯತ್ಯಾಸ. ಹಾಗೆ ಬಂದರೆ ನಿಮ್ಮ ಕಾರು ಸರಿಯಾಗೇ ಇದೆ.

ಕೊನೆಗೆ ಗಾಳಿ ಹಂಚುವ ಫ್ಲಾಪ್‌ಗಳು. ಮುಖ, ಕಾಲು, ಗಾಜು, ಮೂರು ಬಾಗಿಲು. ಕಾಲಿಗೆ ಮಾತ್ರ ಎಂದು ಇಟ್ಟರೂ ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಗಾಳಿಯನ್ನು ಗಾಜಿನ ಕಡೆಗೂ ಬಿಡುತ್ತಾರೆ, ಮಬ್ಬು ಹಿಡಿಯದಿರಲಿ ಎಂದು. ಎಷ್ಟೋ ಜನ ಅದನ್ನು ಲೀಕೇಜ್ ಎಂದುಕೊಂಡು ಗ್ಯಾರೇಜಿಗೆ ಬರುತ್ತಾರೆ.

ದೂರದಾರಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್ ಸ್ಪ್ಯಾನರ್ ಸರ್. ಒಂದು ಅನುಮಾನ. ಅಂದರೆ ನಾನು 26ಕ್ಕೆ ಇಟ್ಟರೂ ಕಾಯಿಲ್ ಅಷ್ಟೇ ತಣ್ಣಗೆ ಇರುತ್ತದಾ? ತಂಪು ಮಾಡಿ ಮತ್ತೆ ಬಿಸಿ ಮಾಡುವುದು ಸುಮ್ನೆ ಪೆಟ್ರೋಲ್ ಸುಟ್ಟ ಹಾಗಲ್ವಾ?

ಸ್ಪ್ಯಾನರ್

ಹಳೆಯ ಥರದ ಕಂಪ್ರೆಸರ್ (ಏಸಿ ಗ್ಯಾಸನ್ನು ಒತ್ತಿ ಓಡಿಸುವ ಪಂಪು) ಇದ್ದರೆ ಹೌದು, ಕಾಯಿಲ್ ಅಷ್ಟೇ ತಣ್ಣಗಿರುತ್ತದೆ. ಸೊನ್ನೆ ಡಿಗ್ರಿಗಿಂತ ಸ್ವಲ್ಪ ಮೇಲೆ ನಿಲ್ಲಿಸುತ್ತಾರೆ. ಸೊನ್ನೆಗಿಂತ ಕೆಳಗೆ ಹೋದರೆ ಅದರ ಮೇಲಿನ ನೀರು ಹೆಪ್ಪುಗಟ್ಟಿ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಅದನ್ನು ಕಾಯಲು ಕಾಯಿಲ್ ಹತ್ತಿರ ಒಂದು ಸೆನ್ಸರ್ ಇದೆ. ಹೊಸ ಕಾರುಗಳಲ್ಲಿ ಎಷ್ಟು ಬೇಕೋ ಅಷ್ಟೇ ಗ್ಯಾಸ್ ತಳ್ಳುವ ಕಂಪ್ರೆಸರ್ ಬರುತ್ತಿದೆ. ತಂಪು ಕಮ್ಮಿ ಸಾಕು ಎನ್ನುವಾಗ ಕಾಯಿಲ್ಲನ್ನೇ ಸ್ವಲ್ಪ ಬೆಚ್ಚಗೆ ಬಿಡುತ್ತದೆ. ಅಷ್ಟರಮಟ್ಟಿಗೆ ಉಳಿತಾಯ.

ಬಿಸಿಗೆ ಬೇರೆ ಖರ್ಚಿಲ್ಲ. ಎಂಜಿನ್ ಹೇಗೂ ಹೊರಗೆ ಚೆಲ್ಲುವ ಬಿಸಿ ಅದು. ಇನ್ನು, ತಂಪು ಮಾಡಿ ಮತ್ತೆ ಬಿಸಿ ಮಾಡುವುದು ದಂಡ ಎಂದಿರಲ್ಲ, ಗಾಜಿನ ಮಬ್ಬು ತೆಗೆಯುವುದು ಅದೇ ಕೆಲಸ.

ಮಳೆಗಾಜು

ಆ ಭಾಗ ನಾನು ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದ ವಿಷಯ.

ಬೆಚ್ಚನೆ ಗಾಳಿ ನೀರಿನ ಆವಿಯನ್ನು ಜಾಸ್ತಿ ಹಿಡಿದುಕೊಳ್ಳುತ್ತದೆ, ತಣ್ಣನೆ ಗಾಳಿ ಕಡಿಮೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ತನಕ ಆವಿ ಇರಬಲ್ಲದು. 5 ಡಿಗ್ರಿಗೆ ಇಳಿಸಿದರೆ ಹಿಡಿಯುವುದು 7 ಗ್ರಾಂಗಿಂತ ಕಡಿಮೆ. ಉಳಿದದ್ದು ಕಾಯಿಲ್ ಮೇಲೆ ಹನಿಯಾಗಿ, ಡ್ರೈನ್ ಪೈಪಿನಲ್ಲಿ ಇಳಿದು ಕಾರಿನ ಕೆಳಗೆ ಬೀಳುತ್ತದೆ. ಏಸಿ ಹಾಕಿ ನಿಲ್ಲಿಸಿದ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುವುದನ್ನು ಎಲ್ಲರೂ ನೋಡಿರುತ್ತೀರಿ.

ಹೀಗೆ ನೀರು ಹಿಂಡಿಸಿಕೊಂಡ ಗಾಳಿಯನ್ನು ಹೀಟರ್ ಕೋರ್‌ನಲ್ಲಿ 25 ಡಿಗ್ರಿಗೆ ಬೆಚ್ಚಗೆ ಮಾಡಿ. ಅದರ ತೇವಾಂಶ ಈಗ ಶೇಕಡಾ 30ರ ಆಸುಪಾಸು. ಬೆಚ್ಚಗಿದೆ, ಜೊತೆಗೆ ಒಣಗಿದೆ. ಮಬ್ಬು ಹಿಡಿದ ಗಾಜಿಗೆ ಇದನ್ನು ಬಿಟ್ಟರೆ ನೀರನ್ನು ಎಳೆದುಕೊಂಡು ಹೋಗುತ್ತದೆ. ನಾಲ್ಕುಚಕ್ರ ಅವರೇ, ನೀವು ಗಾಜಿನ ಗುರುತು ಒತ್ತಿದಾಗ ಏಸಿ ದೀಪ ಹೊತ್ತಿಕೊಳ್ಳುವುದು ಇದಕ್ಕೇ. ಅದೇ ಹೊತ್ತಿಗೆ ಹೆಚ್ಚಿನ ಕಾರುಗಳು ರೀಸರ್ಕ್ಯುಲೇಶನ್ (ಒಳಗಿನ ಗಾಳಿಯನ್ನೇ ಸುತ್ತಿಸುವುದು) ಅನ್ನೂ ತಾವೇ ತೆಗೆದು ಹೊರಗಿನ ಗಾಳಿಗೆ ಹೋಗುತ್ತವೆ. ಒಳಗಿನ ಗಾಳಿಯಲ್ಲಿ ಎಲ್ಲರ ಉಸಿರಿನ ಆವಿ ಇರುತ್ತದಲ್ಲ.

ಎರಡು ಎಚ್ಚರಿಕೆ, ಇವು ಜೀವಕ್ಕೆ ಸಂಬಂಧಿಸಿದ್ದು. ಏಸಿ ಓಡಿಸಿ ಆಫ್ ಮಾಡಿ, ಗಾಳಿಯನ್ನು ಒಳಗೇ ಸುತ್ತಲು ಬಿಟ್ಟರೆ, ಕಾಯಿಲ್ ಮೇಲಿನ ನೀರೆಲ್ಲ ಮತ್ತೆ ಆವಿಯಾಗಿ ಒಳಗೆ ಬರುತ್ತದೆ. ನೋಡುತ್ತಿದ್ದ ಹಾಗೇ ಮುಂದಿನ ಗಾಜು ಬೆಳ್ಳಗಾಗಿಬಿಡುತ್ತದೆ. ಮಳೆಯಲ್ಲಿ ಓಡಿಸುವಾಗ ಏಸಿ ಆಫ್ ಮಾಡಬೇಕೆಂದರೆ ಮೊದಲು ಹೊರಗಿನ ಗಾಳಿ ಹಾಕಿಕೊಳ್ಳಿ.

ಇನ್ನೊಂದು, ಮಬ್ಬು ಯಾವ ಕಡೆ ಇದೆ ಎಂದು ನೋಡಿ. ಒಮ್ಮೆ ವೈಪರ್ ಹಾಕಿ. ಮಬ್ಬು ಒರೆಸಿಹೋದರೆ ಅದು ಗಾಜಿನ ಹೊರಗಡೆ ಇದೆ. ಸೆಕೆಯ ಮಳೆಗಾಲದಲ್ಲಿ ಏಸಿಯ ತಣ್ಣನೆ ಗಾಳಿಯನ್ನು ಗಾಜಿಗೆ ಬಿಟ್ಟಾಗ ಗಾಜು ತಣ್ಣಗಾಗಿ, ಹೊರಗಿನ ತೇವ ಅದರ ಮೇಲೆ ಕೂರುತ್ತದೆ. ಆಗ ಗಾಜಿಗೆ ಇನ್ನಷ್ಟು ತಣ್ಣನೆ ಗಾಳಿ ಬಿಟ್ಟರೆ ಮಬ್ಬು ಇನ್ನೂ ದಟ್ಟವಾಗುತ್ತದೆ. ಗಾಳಿಯನ್ನು ಮುಖದ ಕಡೆ ತಿರುಗಿಸಿ, ಉಷ್ಣತೆ ಸ್ವಲ್ಪ ಏರಿಸಿ, ವೈಪರ್ ಆಡಿಸಿ.

ನಾಲ್ಕುಚಕ್ರ

ವೈಪರ್ ಪರೀಕ್ಷೆ ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ. ಸ್ಪ್ಯಾನರ್ ಸರ್, ಟಿಕ್ ಟಿಕ್ ಬಗ್ಗೆ ಹೇಳುತ್ತೇನೆ ಎಂದಿದ್ದಿರಿ. ಗಾಡಿ ಸ್ಟಾರ್ಟ್ ಮಾಡಿದಾಗ ಬರುತ್ತದೆ, ಆಮೇಲೆ ನಿಲ್ಲುತ್ತದೆ. ಟೆಂಪರೇಚರ್ ಬದಲಿಸಿದರೆ ಮತ್ತೆ ಶುರು.

ಸ್ಪ್ಯಾನರ್

ಟೆಂಪರೇಚರ್ ಬದಲಿಸಿದಾಗ ಬರುತ್ತದೆ ಎಂದಿರಲ್ಲ, ಅಲ್ಲಿಗೆ ಮುಕ್ಕಾಲು ಪಾಲು ಸಿಕ್ಕ ಹಾಗೆ. ಟೆಂಪರೇಚರ್ ಫ್ಲಾಪಿನ ಆಕ್ಚುಯೇಟರ್, ಅಂದರೆ ಫ್ಲಾಪನ್ನು ತಿರುಗಿಸುವ ಸಾಧನ.

ಹಳೆಯ ಕಾರುಗಳಲ್ಲಿ ಫ್ಲಾಪ್ ಎಳೆಯಲು ನಾಬ್‌ನಿಂದ ನೇರ ಕೇಬಲ್ ಇರುತ್ತಿತ್ತು. ಕೆಲವು ಕಂಪನಿಯವರು ಎಂಜಿನ್ ವ್ಯಾಕ್ಯೂಮ್ (ಎಂಜಿನ್ ಗಾಳಿ ಎಳೆದುಕೊಳ್ಳುವ ಸೆಳೆತ) ಬಳಸುತ್ತಿದ್ದರು. ಅಂಥವುಗಳಲ್ಲಿ ಪೈಪ್ ಹರಿದು ವ್ಯಾಕ್ಯೂಮ್ ಹೋದರೆ ಗಾಳಿಯೆಲ್ಲ ಗಾಜಿನ ಕಡೆ ಹೋಗುವ ಹಾಗೆ ಸ್ಪ್ರಿಂಗ್ ಕೊಟ್ಟಿರುತ್ತಿದ್ದರು. ಏನೇ ಕೆಟ್ಟರೂ ಮುಂದಿನ ದಾರಿ ಕಾಣಲಿ ಎಂದು. ಒಳ್ಳೆಯ ಯೋಚನೆ ಅದು. ಈಗ ಹೆಚ್ಚಿನ ಕಡೆ ಸಣ್ಣ ಮೋಟಾರು. ಅಂಗೈಯಲ್ಲಿ ಹಿಡಿಸುವ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಮೂರ್ನಾಲ್ಕು ಪ್ಲಾಸ್ಟಿಕ್ ಗೇರು. ಒಂದು ಗೇರಿನ ಹಲ್ಲು ಮುರಿದರೆ ಮೋಟಾರು ತಿರುಗುತ್ತದೆ, ಗೇರು ಆ ಜಾಗಕ್ಕೆ ಬಂದು ಜಾರುತ್ತದೆ. ಅದೇ ಟಿಕ್. ಫ್ಲಾಪ್ ಬೇಕಾದ ಜಾಗಕ್ಕೆ ಬಂತೋ ಇಲ್ಲವೋ ಎಂದು ಗೊತ್ತಾಗದೆ ಕಂಪ್ಯೂಟರ್ ತಳ್ಳುತ್ತಲೇ ಇರುತ್ತದೆ, ಕೊನೆಗೆ ಕೈಬಿಡುತ್ತದೆ. ಆಗ ಸದ್ದು ನಿಲ್ಲುತ್ತದೆ.

ಮಾಡಬೇಕಾದ್ದು ಇಷ್ಟು. ಬ್ಲೋವರ್ ಕಡಿಮೆ ಇಡಿ, ರೇಡಿಯೋ ಆಫ್ ಮಾಡಿ. ಟೆಂಪರೇಚರ್ ಒಂದು ತುದಿಯಿಂದ ಇನ್ನೊಂದಕ್ಕೆ ಬದಲಿಸಿ, ಕಿವಿ ಹತ್ತಿರ ಕೊಟ್ಟು ಕೇಳಿ. ಆಮೇಲೆ ಮುಖ, ಕಾಲು, ಗಾಜು ಬದಲಿಸಿ. ಆಮೇಲೆ ರೀಸರ್ಕ್ಯುಲೇಶನ್. ಯಾವುದಕ್ಕೆ ಟಿಕ್ ಬರುತ್ತದೋ ಆ ಮೋಟಾರು. ಫ್ಲಾಪೇ ಎಲ್ಲಾದರೂ ಸಿಕ್ಕಿಕೊಂಡಿದೆಯಾ ಎಂದು ಮೋಟಾರು ಬಿಚ್ಚಿದಾಗ ಕೈಯಿಂದ ತಿರುಗಿಸಿ ನೋಡಿಸಿ. ಫ್ಲಾಪ್ ಬಿಗಿಯಾಗಿದ್ದರೆ ಹೊಸ ಮೋಟಾರಿನ ಹಲ್ಲೂ ಮುರಿಯುತ್ತದೆ. ಹೊಸದು ಹಾಕಿದ ಮೇಲೆ ಅದಕ್ಕೆ ಎರಡೂ ತುದಿ ಕಲಿಸಬೇಕು, ಸ್ಕ್ಯಾನರ್‌ನಲ್ಲಿ ಅಥವಾ ಕಂಪನಿ ಹೇಳಿದ ಕ್ರಮದಲ್ಲಿ. ಇದಕ್ಕೂ ಗ್ಯಾಸಿಗೂ ಸಂಬಂಧ ಇಲ್ಲ.

ಹಳೇಬಾನೆಟ್

ಸ್ಪ್ಯಾನರ್ ಹೇಳಿದ್ದು ಸರಿ. ಆದರೆ ಒಂದು ಸೇರಿಸಬೇಕು. ಎಡಕ್ಕೊಂದು ಬಲಕ್ಕೊಂದು ಟೆಂಪರೇಚರ್ ಇರುವ ಕಾರಿನಲ್ಲಿ ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬೆಚ್ಚಗೆ ಬಂದರೆ ಎಲ್ಲರೂ ನೇರ ಆಕ್ಚುಯೇಟರ್‌ಗೇ ಕೈ ಹಾಕುತ್ತಾರೆ. ಅಲ್ಲಿ ಮೊದಲು ಗ್ಯಾಸನ್ನೇ ನೋಡಬೇಕು. ಏಕೆಂದರೆ ಅಂಥ ಕಾರಿನಲ್ಲೂ ಕಾಯಿಲ್ ಒಂದೇ. ಡಬ್ಬದ ನಡುವೆ ಗೋಡೆ ಹಾಕಿ ಎರಡು ಟೆಂಪರೇಚರ್ ಫ್ಲಾಪ್ ಇಟ್ಟಿರುತ್ತಾರೆ. ಗ್ಯಾಸ್ ಕಮ್ಮಿ ಆದಾಗ ಕಾಯಿಲ್ಲಿನ ಒಂದು ಭಾಗ ಮಾತ್ರ ತಣ್ಣಗಾಗುತ್ತದೆ. ಆ ಭಾಗದ ಮೇಲಿಂದ ಹೋದ ಗಾಳಿ ಒಬ್ಬರಿಗೆ ತಂಪು, ಉಳಿದ ಭಾಗದ್ದು ಇನ್ನೊಬ್ಬರಿಗೆ ಬೆಚ್ಚಗೆ. ಸುಮ್ನೆ ಡ್ಯಾಶ್‌ಬೋರ್ಡ್ ಬಿಚ್ಚಿಸಿಕೊಂಡವರು ಎಷ್ಟೋ ಜನ. ಅಳತೆ ಮಾಡಿ ತುಂಬಿಸಬೇಕು, ಅಂದಾಜಿನಲ್ಲಿ ಅಲ್ಲ. ಗ್ಯಾಸ್ ಜಾಸ್ತಿ ಆದರೂ ತಂಪು ಕಮ್ಮಿಯೇ.

ಸ್ಪ್ಯಾನರ್

ಒಪ್ಪುತ್ತೇನೆ. ಸದ್ದಿಲ್ಲದೆ ಒಂದು ಕಡೆ ಮಾತ್ರ ಬೆಚ್ಚಗಿದ್ದರೆ ಮೊದಲು ಗ್ಯಾಸ್. ಸದ್ದಿದ್ದರೆ ಮೊದಲು ಮೋಟಾರು.

ಗಾಳಿಯ ರಭಸ ಕಡಿಮೆ ಎಂದು ಬರುವವರಿಗೂ ಇದೇ ಥರ ಬೇರ್ಪಡಿಸಿ ನೋಡಬೇಕು. ಯಾವಾಗಲೂ ಕಡಿಮೆ ಇದ್ದರೆ ಫಿಲ್ಟರ್ ಕಟ್ಟಿಕೊಂಡಿದೆ. ಹೊರಟಾಗ ಚೆನ್ನಾಗಿದ್ದು, ತುಂಬಾ ಹೊತ್ತು ಓಡಿಸಿದ ಮೇಲೆ ಕಡಿಮೆಯಾಗುತ್ತಾ ಬಂದು, ಏಸಿ ಆಫ್ ಮಾಡಿ ಬ್ಲೋವರ್ ಮಾತ್ರ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಸರಿಯಾದರೆ ಕಾಯಿಲ್ ಹೆಪ್ಪುಗಟ್ಟುತ್ತಿದೆ. ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ಓಡುತ್ತಿದ್ದರೆ ಸಾಮಾನ್ಯವಾಗಿ ರೆಸಿಸ್ಟರ್ (ಬ್ಲೋವರ್ ಸ್ಪೀಡು ತಗ್ಗಿಸುವ ಭಾಗ) ಹೋಗಿದೆ. ಪಕ್ಕದ ಸೀಟಿನವರ ಕಾಲಡಿ ಕಾರ್ಪೆಟ್ ಒದ್ದೆಯಾದರೆ ಡ್ರೈನ್ ಪೈಪ್ ಕಟ್ಟಿದೆಯಾ ನೋಡಿ. ಆ ನೀರು ಸಿಹಿ ವಾಸನೆ ಬಂದು ಜಿಡ್ಡುಜಿಡ್ಡಾಗಿದ್ದರೆ ಕೂಲೆಂಟ್, ಹೀಟರ್ ಕೋರ್ ಸೋರುತ್ತಿದೆ. ಅದನ್ನು ಮುಂದಕ್ಕೆ ಹಾಕಬೇಡಿ.

ದೂರದಾರಿ

ಗಾಳಿ ಒಳಗೆ ಬರುವುದು ಗೊತ್ತಾಯಿತು. ಹೊರಗೆ ಹೋಗುವುದು ಎಲ್ಲಿಂದ? ಕಿಟಕಿ ಎಲ್ಲ ಮುಚ್ಚಿರುತ್ತೇವಲ್ಲ.

ಹಳೇಬಾನೆಟ್

ಇದನ್ನು ಕೇಳುವವರು ಕಮ್ಮಿ, ಕೇಳಿದ್ದು ಖುಷಿ ಆಯಿತು. ಹಿಂದಿನ ಬಂಪರ್ ಮರೆಯಲ್ಲಿ ಅಥವಾ ಡಿಕ್ಕಿಯ ಪಕ್ಕದ ಗೋಡೆಯಲ್ಲಿ ಜಾಲರಿ ಇರುತ್ತದೆ. ಅದಕ್ಕೆ ತೆಳ್ಳನೆ ರಬ್ಬರ್ ಪಟ್ಟಿಗಳು ಜೋತುಬಿದ್ದಿರುತ್ತವೆ. ಒಳಗಿನ ಒತ್ತಡ ಹೆಚ್ಚಾದಾಗ ಪಟ್ಟಿ ಮೇಲೆದ್ದು ಗಾಳಿ ಹೊರಗೆ ಹೋಗುತ್ತದೆ. ಹೊರಗಿನಿಂದ ಒಳಕ್ಕೆ ಬರಲು ಹೋದರೆ ಮುಚ್ಚಿಕೊಳ್ಳುತ್ತದೆ. ಡಿಕ್ಕಿಯ ಪಕ್ಕಕ್ಕೆ ಸಾಮಾನು ಒತ್ತರಿಸಿ ಈ ದಾರಿ ಮುಚ್ಚಿದರೆ ಮುಂದೆ ಬ್ಲೋವರ್ ಎಷ್ಟು ಜೋರು ಮಾಡಿದರೂ ಹೊಸ ಗಾಳಿ ಬರುವುದಿಲ್ಲ. ನೋಡುವುದು ಸುಲಭ. ಹೊರಗಿನ ಗಾಳಿ ಹಾಕಿ, ಬ್ಲೋವರ್ ಜೋರಾಗಿಟ್ಟು, ವೆಂಟ್ ಮುಂದೆ ಕೈ ಹಿಡಿಯಿರಿ. ಇನ್ನೊಬ್ಬರು ಹಿಂದಿನ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಲಿ. ಕೈಗೆ ಗಾಳಿ ಗಮನಕ್ಕೆ ಬರುವಷ್ಟು ಜೋರಾದರೆ ಹಿಂದಿನ ದಾರಿ ಕಟ್ಟಿದೆ. ಎಲ್ಲ ಕಿಟಕಿ ಮುಚ್ಚಿದಾಗ ಬಾಗಿಲು ಹಾಕಲು ಬಿಗಿಯಾಗಿ, ಕಿವಿಗೆ ಒತ್ತಿದ ಹಾಗಾದರೂ ಅದೇ ಸೂಚನೆ.

ಹೊರಗಿನ ಗಾಳಿಯಿಂದ ಒಳಗೆ ಸ್ವಲ್ಪ ಒತ್ತಡ ಇಟ್ಟುಕೊಂಡರೆ ಸಂದುಗಳಿಂದ ಧೂಳು ಬರುವುದಿಲ್ಲ ಎನ್ನುವುದು ಹಳೆಯ ಉಪಾಯ. ಅಮೆರಿಕದ ನ್ಯಾಶ್ ಕಂಪನಿ 1938ರ ಕಾರುಗಳಲ್ಲೇ ಇದನ್ನು ಹೀಟರ್ ಜೊತೆ ತಂದಿತ್ತು. 1940ರ ಪ್ಯಾಕರ್ಡ್ ಕಾರಿಗೆ ಏಸಿ ಬಂದಾಗ ಕಾಯಿಲ್ ಇದ್ದದ್ದು ಡಿಕ್ಕಿಯಲ್ಲಿ, ತಂಪು ಬರುತ್ತಿದ್ದದ್ದು ಹಿಂದಿನ ಸೀಟಿನ ಬೆನ್ನಿನಿಂದ. ಬಿಸಿ, ತಂಪು, ಹೊಸ ಗಾಳಿ ಮೂರನ್ನೂ ಮುಂದೆ ಒಂದೇ ಕಡೆ ಸೇರಿಸಿ 1954ರಲ್ಲಿ ಕೊಟ್ಟದ್ದು ಮತ್ತೆ ನ್ಯಾಶ್. ಉಷ್ಣತೆ ಇಟ್ಟರೆ ತಾನೇ ನೋಡಿಕೊಳ್ಳುವ ಏಸಿ ಕ್ಯಾಡಿಲಾಕ್‌ನಲ್ಲಿ 1964ಕ್ಕೆ ಬಂತು.

ಮಳೆಗಾಜು

ಆಟೋ ಬಗ್ಗೆ ನನ್ನ ಒಂದು ಕೋರಿಕೆ. ಡ್ಯಾಶ್‌ಬೋರ್ಡ್ ಮೇಲೆ ಗಾಜಿನ ಹತ್ತಿರ ಗುಂಡಗಿನ ಕಪ್ಪು ಮಣಿಯಂಥದ್ದು ಇದ್ದರೆ ಅದರ ಮೇಲೆ ಬಟ್ಟೆ, ಬೊಂಬೆ ಇಡಬೇಡಿ. ಹೆಚ್ಚಾಗಿ ಅದು ಬಿಸಿಲಿನ ಸೆನ್ಸರ್. ಮುಚ್ಚಿದರೆ ಬಿಸಿಲೇ ಇಲ್ಲ ಎಂದುಕೊಂಡು ಬ್ಲೋವರ್ ತಗ್ಗಿಸುತ್ತದೆ. ಒಳಗಿನ ಉಷ್ಣತೆ ಅಳೆಯುವ ಸೆನ್ಸರ್ ಇನ್ನೊಂದು ಕಡೆ, ಎಷ್ಟೋ ಕಾರುಗಳಲ್ಲಿ ಸ್ಟಿಯರಿಂಗ್ ಹತ್ತಿರದ ಸಣ್ಣ ಸೀಳುಗಳ ಹಿಂದೆ. ಅದು ಒಳಗಿನ ಗಾಳಿಯನ್ನು ಸ್ವಲ್ಪ ಸ್ವಲ್ಪ ಎಳೆದುಕೊಂಡು ನೋಡುತ್ತದೆ. ಆ ಸೀಳಿನಲ್ಲಿ ಧೂಳು ತುಂಬಿದರೆ ಲೆಕ್ಕ ತಪ್ಪುತ್ತದೆ. ಬ್ರಷ್ಷಿನಿಂದ ಮೆಲ್ಲಗೆ ತೆಗೆಯಿರಿ.

ಕಾರು ಬೇಗ ತಂಪಾಗಲಿ ಎಂದು ಆಟೋದಲ್ಲಿ 18ಕ್ಕೆ ಇಳಿಸುವುದರಿಂದ ಏನೂ ಲಾಭ ಇಲ್ಲ. ಕಾದ ಕಾರಿನಲ್ಲಿ 23 ಇಟ್ಟರೂ ಮೊದಲು ಹೀಟರ್ ದಾರಿ ಪೂರ್ತಿ ಮುಚ್ಚಿ ಬ್ಲೋವರ್ ಜೋರಾಗೇ ಓಡುತ್ತದೆ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಬ್ಲೋವರ್ ಸುಮ್ಮನಿದ್ದರೆ ಗಾಬರಿ ಬೇಡ. ಕೂಲೆಂಟ್ ಬಿಸಿಯಾಗುವ ತನಕ ನಿಮ್ಮ ಕಾಲಿಗೆ ತಣ್ಣನೆ ಗಾಳಿ ಬೀಸಬಾರದೆಂದು ಕಾಯುತ್ತಿರುತ್ತದೆ.

ಬ್ಯಾಟರಿಬಂಡಿ

ನಮ್ಮದು ಎಲೆಕ್ಟ್ರಿಕ್. ಎಂಜಿನ್ನೇ ಇಲ್ಲ, ಹೀಟರ್ ಕೋರಿಗೆ ಬಿಸಿ ಎಲ್ಲಿಂದ?

ಸ್ಪ್ಯಾನರ್

ಆ ಜಾಗದಲ್ಲಿ ಕರೆಂಟ್ ಹೀಟರ್ ಇರುತ್ತದೆ, ಅಥವಾ ಕರೆಂಟಿನಿಂದ ಬಿಸಿ ಮಾಡಿದ ಕೂಲೆಂಟ್ ಬರುತ್ತದೆ. ಹೀಟ್ ಪಂಪ್ ಇರುವ ಕಾರಾದರೆ ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನೇ ಎಳೆದು ಒಳಗೆ ಬಿಡುತ್ತದೆ, ಅದಕ್ಕೆ ಬ್ಯಾಟರಿ ಖರ್ಚು ಕಮ್ಮಿ. ಫ್ಲಾಪ್, ವೆಂಟ್ ಎಲ್ಲ ಹೆಚ್ಚುಕಡಿಮೆ ಇದೇ ಥರ. ನಿಮ್ಮಲ್ಲಿ ಬಿಸಿ ಪುಕ್ಕಟೆ ಅಲ್ಲ, ಆದ್ದರಿಂದ ಚಳಿಯಲ್ಲಿ ಸೀಟ್ ಹೀಟರ್ ಇದ್ದರೆ ಅದನ್ನು ಹಾಕಿ, ಗಾಳಿಯ ಉಷ್ಣತೆ ಸ್ವಲ್ಪ ತಗ್ಗಿಸಿ.

ಹಿಂದಿನಸೀಟು

ಅಪ್ಪ ಅಮ್ಮ ಯಾವಾಗಲೂ ಹಿಂದೆ ಕೂರುತ್ತಾರೆ. ನಡುವೆ ವೆಂಟ್ ಇದೆ, ಆದರೆ ಗಾಳಿ ಸಾಲದು ಅನ್ನುತ್ತಾರೆ. ಏನು ಮಾಡಬಹುದು?

ಹಳೇಬಾನೆಟ್

ಹಲವು ಕಾರುಗಳಲ್ಲಿ ಹಿಂದಿನ ವೆಂಟಿಗೆ ಪೈಪ್ ಹೋಗುವುದು ಮುಖದ ಗಾಳಿಯ ಕೋಣೆಯಿಂದ. ನೀವು ಮುಂದೆ ಕಾಲಿಗೆ ಅಥವಾ ಗಾಜಿಗೆ ಇಟ್ಟರೆ ಹಿಂದೆ ಗಾಳಿ ಕಡಿಮೆಯಾಗುತ್ತದೆ. ಮುಖದ ಗುರುತಿಗೆ ಇಟ್ಟು, ಮುಂದಿನ ನಡುವಿನ ಎರಡು ವೆಂಟನ್ನು ಅರ್ಧ ಮುಚ್ಚಿ. ಬ್ಲೋವರ್ ತಳ್ಳುವ ಗಾಳಿ ತೆರೆದಿರುವ ಕಡೆಗೆ ಹೋಗಲೇಬೇಕು, ಹಿಂದಕ್ಕೆ ಜಾಸ್ತಿ ಸಿಗುತ್ತದೆ. ಅರ್ಧ ಮುಚ್ಚದೆ ಇಡುವುದಾದರೆ ಮುಂದಿನ ನಡುವಿನ ವೆಂಟನ್ನು ಮೇಲಕ್ಕೆ ತಿರುಗಿಸಿ, ಎರಡು ಸೀಟಿನ ನಡುವೆ ಛಾವಣಿ ಸವರಿಕೊಂಡು ಹಿಂದೆ ಹೋಗುವ ಹಾಗೆ. ತಣ್ಣನೆ ಗಾಳಿ ಭಾರ, ಹೋಗುತ್ತಾ ತಾನೇ ಕೆಳಗಿಳಿಯುತ್ತದೆ. ಕೆಳಗೆ ಗುರಿ ಇಟ್ಟರೆ ನಿಮ್ಮ ಮೊಣಕಾಲಿನ ಹತ್ತಿರವೇ ಮುಗಿದುಹೋಗುತ್ತದೆ.

ಮೂರನೇ ಸಾಲು ಇರುವ ಕಾರಾದರೆ ಛಾವಣಿಯ ವೆಂಟ್ ಎರಡು ಥರ. ಕೆಲವದಕ್ಕೆ ಹಿಂದೆ ಬೇರೆಯೇ ಕಾಯಿಲ್, ಬೇರೆ ಬ್ಲೋವರ್ ಇರುತ್ತದೆ. ಅದರಲ್ಲಿ ನಿಜವಾಗಿ ತಂಪು ಬರುತ್ತದೆ. ಕೆಲವು ಸುಮ್ನೆ ಬ್ಲೋವರ್ ಮಾತ್ರ, ಒಳಗಿನ ಗಾಳಿಯನ್ನೇ ಎಳೆದು ಬೀಸುತ್ತದೆ. ಅಂಥದ್ದನ್ನು ಕಾದ ಕಾರಿನಲ್ಲಿ ಹಾಕಿದ ಕೂಡಲೇ ಬಿಸಿ ಗಾಳಿ ಮುಖಕ್ಕೆ ಬರುತ್ತದೆ. ಮುಂದಿನಿಂದ ತಂಪು ಹರಡುವ ತನಕ ಅದನ್ನು ಹಾಕಬೇಡಿ.

ಹಿಂದಿನಸೀಟು

ನಡುವಿನ ವೆಂಟ್ ಮೇಲಕ್ಕೆ ತಿರುಗಿಸಿ ನೋಡಿದೆವು. ಅಮ್ಮನಿಗೆ ಈಗ ಹಿತವಾಗಿದೆ, ಅಪ್ಪನಿಗೆ ಕಾಲು ಮಾತ್ರ ಸೆಕೆ ಅಂತೆ.

ಸ್ಪ್ಯಾನರ್

ಮುಂದಿನ ಸೀಟಿನ ಕೆಳಗೆ ಬಗ್ಗಿ ನೋಡಿ. ಹಿಂದಿನವರ ಕಾಲಿಗೆ ಗಾಳಿ ಬರುವ ಚಪ್ಪಟೆ ಬಾಯಿ ಎಷ್ಟೋ ಕಾರುಗಳಲ್ಲಿ ಅಲ್ಲೇ ಇರುತ್ತದೆ. ಮ್ಯಾಟ್ ಜರುಗಿ ಅದನ್ನು ಮುಚ್ಚಿದೆಯಾ, ಕೊಡೆ ಅಥವಾ ಚೀಲ ತುರುಕಿದ್ದೀರಾ ನೋಡಿ, ಇದ್ದರೆ ತೆಗೆಯಿರಿ. ಆಮೇಲೆ ಮುಖ ಮತ್ತು ಕಾಲು ಎರಡೂ ಇರುವ ಗುರುತಿಗೆ ಹಾಕಿ. ಆದರೆ ಟೆಂಪರೇಚರ್ ಪೂರ್ತಿ ತಣ್ಣಗಿಡಿ. ನಡುವೆ ಇಟ್ಟರೆ ಅಪ್ಪನ ಕಾಲಿಗೆ ಮತ್ತೆ ಬೆಚ್ಚನೆ ಗಾಳಿಯೇ ಹೋಗುತ್ತದೆ.